ಟೆಂಡರ್ ಬರೆದ ಕೈ

ಹೆಂಗಸಿಗೆ ಸಂಘ ಗಿಂಘ ಯಾಕೆ ಅಂದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ: ಶೌಚಾಲಯ. ಬ್ಯಾಡಗಿ ಪೇಟೆಯ ನಮ್ಮ ಅಂಗಡಿಯ ಹಿಂದಿನ ಸಾಲಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಬೆಳಗ್ಗೆ ಬಂದರೆ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಸಣ್ಣ ವರ್ತಕರ ಸಂಘದ ಅಧ್ಯಕ್ಷ ವಿರೂಪಾಕ್ಷಪ್ಪನವರು ವರ್ಷ ವರ್ಷವೂ "ನೋಡೂಣಂತ" ಅನ್ನುತ್ತಲೇ ಬಂದರು. ನನಗೆ ತಲೆ ಕೆಟ್ಟಿತು. ಅಧ್ಯಕ್ಷಗಿರಿಗೆ ನಾನೇ ನಿಂತೆ.

ಕಣದಲ್ಲಿ ಐದು ಜನ. ಈ ಸಲ ಹೊಸ ಪದ್ಧತಿ: ಎಲ್ಲ ಹೆಸರುಗಳ ಮುಂದೆಯೂ ಒಂದರಿಂದ ಐದರವರೆಗೆ ಅಂಕಿ ಬರೆಯಬೇಕು. ಬೇಕಾದವರಿಗೆ ಒಂದು, ಬೇಡವಾದವರಿಗೆ ಐದು. ಚುನಾವಣಾಧಿಕಾರಿ ಓದಿ ಹೇಳುವಾಗ ಎಲ್ಲರ ಲಕ್ಷ್ಯ ಚಹಾದ ಮೇಲೆ. ನಾನೇ ಎದ್ದು ನಿಂತೆ.

"ಕೇಳ್ರಪ್ಪಾ, ಬೇಕಾದವರಿಗೆ ಒಂದು ಬರೀಬೇಕಂತ!"

"ಯವ್ವಾ ತಂಗಿ," ವಿರೂಪಾಕ್ಷಪ್ಪ ನಕ್ಕರು, "ದಿನಾ ಟೆಂಡರ್ ಬರಿಯೋ ಕೈಗೆ ಅಂಕಿ ಕಲಿಸಾಕ ಬಂದೀಯೇನು?"

ಎಲ್ಲರೂ ಹೋ ಎಂದು ನಕ್ಕರು. ನಗಲಿ, ನನಗೇನು!

ನಮ್ಮ ಪೇಟೆಯಲ್ಲಿ ಮಾಲು ನೋಡಿ ಟೆಂಡರ್ ಚೀಟಿಯಲ್ಲಿ ದರ ಬರೆಯುತ್ತೇವೆ. ದೊಡ್ಡ ಅಂಕಿ ಬರೆದವನಿಗೇ ಮಾಲು. ಆ ಕೈ ಮತಪತ್ರದ ಮೇಲೂ ಹಾಗೇ ಓಡಿತು.

ಎಣಿಕೆಗೆ ಕೂತ ಅಧಿಕಾರಿ ಬೆವರಿಹೋದ. ಒಬ್ಬ ವಿರೂಪಾಕ್ಷಪ್ಪನವರ ಮುಂದೆ ಕ್ವಿಂಟಲ್ ದರವನ್ನೇ ಬರೆದಿದ್ದ. ಇನ್ನೊಬ್ಬ ಅಂಗಡಿಯ ಮೊಹರು ಒತ್ತಿದ್ದ. ಅವೆಲ್ಲ ಕುಲಗೆಟ್ಟ ಮತ. ಉಳಿದವುಗಳಲ್ಲಿ ವಿರೂಪಾಕ್ಷಪ್ಪನವರಿಗೆ ಸಾಲುಸಾಲು ಐದು. ಈ ಹೆಂಗಸು ಬೇಡವೇ ಬೇಡ ಎಂದು ನನಗೆ ಒಂದು, ಒಂದು, ಒಂದು.

"ನಜ್ಮಾಬೇಗಂ ಗೆದ್ದಾರ್ರಿ," ಎಂದ ಅಧಿಕಾರಿ.

"ಅದ್ಹೆಂಗ? ಎಲ್ಲಾರೂ ನನಗ ಐದು ಬರದಾರಲ್ಲೋ!" ವಿರೂಪಾಕ್ಷಪ್ಪ ಕೂಗಿದರು.

"ಅದಕ್ಕ ಸೋತೀರಿ."

ನಗು ತಡೆಯಲಾಗಲಿಲ್ಲ. ನೋವೂ ಆಯಿತು, ಸುಳ್ಳು ಯಾಕೆ ಹೇಳಲಿ? ಇಷ್ಟು ಜನಕ್ಕೂ ನಾನು ಬೇಡವಾಗಿದ್ದೆನಲ್ಲ! ಒಂದೇ ಒಂದು ಮತಪತ್ರದಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ಐದು ಇತ್ತು, ದಪ್ಪಗೆ, ಒತ್ತಿ ಬರೆದದ್ದು.

ಹೊರಗೆ ನನ್ನ ಗಂಡ ಸಲಾವುದ್ದೀನ ಎದೆಯುಬ್ಬಿಸಿ ನಿಂತಿದ್ದರು. "ಗೆದ್ದಿ ನೋಡು! ಯಾರ ಏನರ ಬರೀಲಿ, ನಾ ಮಾತ್ರ ನಿನಗ ಒತ್ತಿ ಐದು ಬರದೇನಿ!"

ಈ ಪುಣ್ಯಾತ್ಮನಿಗೆ ಮನೆಯಲ್ಲಿ ವಾರವಿಡೀ ಹೇಳಿಕೊಟ್ಟಿದ್ದೆ! ಬೈಯಲು ಬಾಯಿ ತೆರೆದೆ; ಬೈಗುಳ ಬರಲಿಲ್ಲ. ನಾನು ಬೇಕು ಎಂದು ಬರೆದವರು, ನನ್ನನ್ನು ಬಿಟ್ಟರೆ, ಅವರೊಬ್ಬರೇ.

"ಭಾಳ ಚಲೋ ಮಾಡೀರಿ," ಎಂದೆ. "ಈಗ ಲಗೂ ಹೋಗಿ ಕಟ್ಟಡ ಕಟ್ಟೋ ಗವಂಡಿನ್ನ ಕರಕೊಂಡು ಬರ್ರಿ. ಇವರಿಗೆ ಲೆಕ್ಕ ತಿಳಿಯೋದ್ರೊಳಗ ಶೌಚಾಲಯದ ಪಾಯಾ ತೆಗದುಬಿಡೂಣು."