ಡಾಂಬರಿನ ಮೇಲಷ್ಟೇ ಕೇಳುವ ಸದ್ದು

ಗಾಡಿಯ ಸದ್ದಿನ ವಿಷಯ ಹೆಂಡತಿ ಗ್ಲೆನಿಸ್ ಮೊದಲ ಸಲ ಹೇಳಿದಾಗ ಡೆಸ್ ಅದನ್ನು ಟಯರಿನ ತಲೆಗೆ ಕಟ್ಟಿದ.

"ಹಿಂದುಗಡೆಯಿಂದ ಏನೋ ಗುಂಯ್ ಅಂತಿದೆ ಕಣೋ. ಡಾಂಬರು ಹತ್ತಿದ ಕೂಡಲೇ ಶುರು."

"ಟಯರು ಕಣೇ. ಹಲ್ಲು ದೊಡ್ಡವು, ಹಾಡ್ತವೆ."

ಹಾಗೆ ಹೇಳಿಬಿಡುವುದು ಸುಲಭವಾಗಿತ್ತು. ಫ್ಲಿಂಡರ್ಸ್ ಬೆಟ್ಟಗಳಿಂದ ಪೂರ್ವಕ್ಕೆ ಕುರಿ ಸಾಕುವವರೆಲ್ಲ ಕಲ್ಲುದಾರಿಗೆಂದು ಒರಟು ಹಲ್ಲಿನ ಟಯರು ಹಾಕಿಸಿಕೊಂಡವರು. ಗಾಡಿಯ ಹಿಂದಿನಿಂದ ಯಾವ ಸದ್ದು ಬಂದರೂ ಟಯರಿನದೇ ಎಂದು ಸುಮ್ಮನಾಗುವವರು. ಮಣ್ಣುದಾರಿಯಲ್ಲಂತೂ ಜಲ್ಲಿಯ ಗದ್ದಲದಲ್ಲಿ ಬೇರೇನೂ ಕಿವಿಗೆ ಬೀಳುವುದಿಲ್ಲ.

ಆದರೆ ಡೆಸ್‌ಗೆ ಡಾಂಬರಿನ ಮೇಲೂ ಏನೂ ಕೇಳಿಸಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ವರ್ಷಗಟ್ಟಲೆ ಉಣ್ಣೆ ಕತ್ತರಿಸುವ ಶೆಡ್ಡಿನ ಇಂಜಿನ್ನುಗಳ ನಡುವೆ ಬದುಕಿದ ಕಿವಿಗಳು ಮೆಲ್ಲಮೆಲ್ಲನೆ ಬಾಗಿಲು ಹಾಕಿಕೊಂಡಿದ್ದವು. ಮೊದಲು ಹಕ್ಕಿಗಳು ಹೋದವು, ಆಮೇಲೆ ಕೆಟಲಿನ ಸೀಟಿ, ಆಮೇಲೆ ಜನರ ಮಾತಿನ ಕೊನೆಗಳು. ಒಂದು ಕಾಲಕ್ಕೆ ನೀರಿನ ಪಂಪಿನ ಸದ್ದನ್ನು ಫೋನಿನಲ್ಲೇ ಕೇಳಿ ರೋಗ ಹೇಳುತ್ತಿದ್ದವನು ಈಗ ಎದುರಿಗಿದ್ದವರ ತುಟಿ ನೋಡಿ ನಗುವುದನ್ನು ಕಲಿತಿದ್ದ.

ಗುರುವಾರ ಗ್ಲೆನಿಸ್ ಒಬ್ಬಳೇ ಬ್ರೋಕನ್ ಹಿಲ್‌ಗೆ ಹೊರಡುವವಳಿದ್ದಳು. ಮಗಳು ಬ್ರಾನ್ವಿನ್‌ಗೆ ಆ ಪಟ್ಟಣದಲ್ಲಿ ಚೊಚ್ಚಲ ಹೆರಿಗೆ. ಉಣ್ಣೆ ಕತ್ತರಿಸುವ ತಂಡ ಅದೇ ದಿನ ಬರುವುದರಿಂದ ಡೆಸ್ ಜಾಗ ಬಿಟ್ಟು ಕದಲುವಂತಿರಲಿಲ್ಲ. ಮನೆಗೆ ಇದ್ದದ್ದು ಆ ಒಂದೇ ಹಳೆಯ ಫೋರ್‌ವೀಲ್ ಗಾಡಿ. ಹೆದ್ದಾರಿ ಸಿಗುವ ತನಕ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕೆಲವು ದಿನ ಆ ದಾರಿಯಲ್ಲಿ ಒಂದು ಗಾಡಿಯೂ ಹಾಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ಪಕ್ಕದ ಜಮೀನಿನ ಬೆವನ್ ಬಂದ. ಎರವಲು ಒಯ್ದಿದ್ದ ಬೇಲಿ ತಂತಿ ಬಿಗಿಯುವ ಸಾಮಾನನ್ನು ಗೇಟಿಗೆ ನೇತುಹಾಕಿ, ಡೆಸ್‌ನ ಎದುರಿಗೆ ನಿಂತು ತನ್ನ ಎಂದಿನ ದೊಡ್ಡ ದನಿಯಲ್ಲಿ ಹೇಳಿದ:

"ಏನಯ್ಯ, ನಿನ್ನ ಹೆಂಡತಿ ಗಾಡೀಲಿ ಜೇನುಗೂಡು ಕಟ್ಟಿದೆಯಂತೆ?"

"ಟಯರು ಮಾರಾಯ."

"ಅದನ್ನೇ ನಾನೂ ಅಂದೆ ಅವಳಿಗೆ. ಡೆಸ್ ಟಯರು ಅಂದ್ಮೇಲೆ ಮುಗೀತು, ಅವನ ಕಿವಿಗೆ ತಪ್ಪಿಸಿಕೊಂಡ ಸದ್ದು ಈ ಸೀಮೇಲಿಲ್ಲ, ತೆಪ್ಪಗೆ ಹೊರಡು ಅಂದೆ."

ಬೆವನ್ ಹೋದ ಮೇಲೂ ಡೆಸ್ ಗೇಟಿನ ಬಳಿಯೇ ನಿಂತಿದ್ದ. ಅವಳು ಹೊರಟುಬಿಡುತ್ತಾಳೆ. ಅವನಿಗೆ ಈಗ ಇಲ್ಲದ ಕಿವಿಯನ್ನು ನಂಬಿ, ಆ ದಾರಿಯಲ್ಲಿ, ಒಬ್ಬಳೇ.

ಅವನು ಜಾಕು ತಂದು ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದ. ತಪ್ಪು ಟಯರಿನದಾದರೆ ಸದ್ದೂ ಅದರ ಜೊತೆಗೆ ಮುಂದಕ್ಕೆ ಬರಬೇಕು.

"ಬಾ, ಒಂದು ಸುತ್ತು ಹೋಗಿ ಬರೋಣ," ಎಂದ ಗ್ಲೆನಿಸ್‌ಗೆ.

"ಟಯರು ಅಂದಿದ್ದೆ?"

"ಅದಕ್ಕೇ. ಟಯರು ಹೌದೋ ಅಲ್ಲವೋ ನೋಡೋಣ."

ಅವಳು ಕೈಯ ಹಿಟ್ಟು ಒರೆಸಿಕೊಂಡು ಬಂದು ಕೂತಳು.

ಆ ದಾರಿಯಲ್ಲಿ ಡಾಂಬರು ಇದ್ದದ್ದು ಒಂದೇ ತುಂಡು. ತುರ್ತಿಗೆ ಬರುವ ವೈದ್ಯರ ವಿಮಾನ ಇಳಿಯಲೆಂದು ಅಗಲವಾಗಿ ಹಾಕಿಸಿದ್ದು. ಅದನ್ನು ಹತ್ತಿದ ಕೂಡಲೇ ಗಾಡಿ ನುಣ್ಣಗಾಯಿತು. ಡೆಸ್ ಕುತ್ತಿಗೆ ಬಿಗಿಹಿಡಿದು ಆಲಿಸುವವನಂತೆ ಕೂತ. ಅವನಿಗೆ ಹತ್ತಿಯೊಳಗೆ ಕೂತ ಹಾಗಿತ್ತು.

"ಈಗಲೂ ಹಿಂದೇನೇ ಇದೆ," ಎಂದಳು ಗ್ಲೆನಿಸ್, ಮುಖವನ್ನು ಪೂರ್ತಿ ಅವನ ಕಡೆ ತಿರುಗಿಸಿ. "ಮುಂದಕ್ಕೇನೂ ಬಂದಿಲ್ಲ."

ಹಾಗಾದರೆ ಟಯರಲ್ಲ. ಅವನು ಆಕ್ಸಿಲರೇಟರ್ ಒತ್ತಿದ, ಆಮೇಲೆ ಪೂರ್ತಿ ಬಿಟ್ಟ. ಹಿಂದಿನ ಗೇರುಪೆಟ್ಟಿಗೆ ಸವೆದಿದ್ದರೆ ಒತ್ತಿದಾಗೊಂದು ರಾಗ, ಬಿಟ್ಟಾಗೊಂದು ರಾಗ ಇರಬೇಕು. ಕೇಳಬೇಕೆಂದು ಬಾಯಿ ತೆರೆದವನ ಕಣ್ಣು ಅವಳ ತೊಡೆಯ ಮೇಲೆ ಬಿತ್ತು. ಅಲ್ಲಿ ಅವಳ ಅಂಗೈ ತುಸು ಮೇಲೆದ್ದು ಗಾಳಿಯಲ್ಲಿ ನಿಂತಿತ್ತು. ಅವನು ಮತ್ತೆ ಒತ್ತಿದ, ಬಿಟ್ಟ. ಅಂಗೈ ಅಲುಗಲಿಲ್ಲ. ಬಲಕ್ಕೆ ತಿರುಗಿಸಿದ, ಗಾಡಿಯ ಭಾರ ಎಡಕ್ಕೆ ವಾಲಿತು, ಅಂಗೈ ನಿಧಾನವಾಗಿ ಮೇಲೇರಿತು. ಎಡಕ್ಕೆ ತಿರುಗಿಸಿದ, ಅಂಗೈ ಇಳಿದು ತೊಡೆಗೆ ಅಂಟಿತು. ಭಾರ ಎಡಗಾಲಿಗೆ ಬಿದ್ದಾಗ ಸದ್ದು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ ಎಂದು ಆ ಕೈ ಹೇಳುತ್ತಿತ್ತು.

ಅವಳು ಕಿಟಕಿಯಾಚೆ ನೋಡುತ್ತ ಈ ವರ್ಷದ ಹುಲ್ಲಿನ ವಿಷಯ ಏನೋ ಹೇಳುತ್ತಿದ್ದಳು. ಕೈಗೂ ತನಗೂ ಸಂಬಂಧವೇ ಇಲ್ಲವೆಂಬಂತೆ.

ಆಗ ಅವನಿಗೆ ಎಲ್ಲ ತಿಳಿಯಿತು. ಅವಳಿಗೆ ಗೊತ್ತಿತ್ತು. ಬಹಳ ದಿನಗಳಿಂದ ಗೊತ್ತಿತ್ತು. ಮಾತಾಡುವಾಗಲೆಲ್ಲ ಕೆಲಸ ನಿಲ್ಲಿಸಿ ಎದುರಿಗೆ ಬಂದು ನಿಲ್ಲುತ್ತಿದ್ದದ್ದು, ಫೋನು ಬಂದಾಗ 'ನಿನ್ನ ಕೈ ಕೊಳಕು, ಬಿಡು' ಎಂದು ತಾನೇ ಎತ್ತಿಕೊಳ್ಳುತ್ತಿದ್ದದ್ದು, ನೆಂಟರ ನಡುವೆ ಯಾರೋ ಕೇಳಿದ ಪ್ರಶ್ನೆಯನ್ನು ತನ್ನದೇ ಸಂದೇಹವೆಂಬಂತೆ ಮತ್ತೊಮ್ಮೆ ಅವನನ್ನು ಕೇಳುತ್ತಿದ್ದದ್ದು. ತಾನು ಮುಚ್ಚಿಟ್ಟೆನೆಂದುಕೊಂಡದ್ದನ್ನು ಅವಳು ಸುತ್ತಲೂ ಕಾವಲು ನಿಂತು ಕಾಪಾಡಿದ್ದಳು. ಒಂದು ಸಲವೂ ಆ ಮಾತನ್ನು ಎತ್ತಿರಲಿಲ್ಲ. ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಸದ್ದಿಲ್ಲದೆ ಮಾಡಬಲ್ಲವರನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

"ಎಡಗಡೆ ಹಿಂದಿನ ಬೇರಿಂಗು," ಎಂದ.

"ಇರಬಹುದಪ್ಪ. ನಂಗೇನು ಗೊತ್ತು," ಎಂದಳು ಗ್ಲೆನಿಸ್.

ಶೆಡ್ಡಿನಲ್ಲಿ ಹಿಂಭಾಗ ಎತ್ತಿ ನಿಲ್ಲಿಸಿ, ಸುರುಳಿ ಸ್ಪ್ರಿಂಗಿನ ಮೇಲೆ ಬೆರಳಿಟ್ಟು ಎಡಗಾಲಿ ತಿರುಗಿಸಿದ. ಸ್ಪ್ರಿಂಗಿನೊಳಗಿಂದ ಮರಳು ಅರೆದಂಥ ನಡುಕ ಬೆರಳಿಗೆ ಹತ್ತಿತು. ಬಲಗಡೆ ನೋಡಿದ: ಎಣ್ಣೆಯಷ್ಟು ನಯ. ಎಡಗಾಲಿಯ ನಡುವಿನ ಗುಬ್ಬ ಬಿಚ್ಚಿದಾಗ ಗ್ರೀಸು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿತ್ತು. ಬೇರಿಂಗಿನ ಉರುಳೆಗಳಲ್ಲಿ ಸಿಡುಬಿನ ಕಲೆಗಳಂತೆ ಕುಳಿ.

ಗ್ಲೆನಿಸ್ ಬಗ್ಗಿ ನೋಡಿ, ಎದ್ದು, ಸೊಂಟಕ್ಕೆ ಕೈಕೊಟ್ಟು ನಿಂತಳು.

"ನೀರು ಹೋಗಿದೆ ಅಲ್ವಾ?"

"ಹ್ಞೂಂ."

"ಅವತ್ತು ಹಳ್ಳದ ಹತ್ರ ನಿಲ್ಲಿಸು, ಚಹಾ ಕಾಯಿಸ್ತೀನಿ ಅಂದೆ. ಯಾರೋ ದೊಡ್ಡ ಮನುಷ್ಯರಿಗೆ ಟಗರು ಹರಾಜಿಗೆ ಹೊತ್ತಾಗಿತ್ತು."

ಅವನು ತಲೆ ತಗ್ಗಿಸಿದ. ಹಳ್ಳ ತುಂಬಿದ್ದಾಗ ದಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕಾಯಿಸುವುದು ಅಲ್ಲಿಯವರ ರೂಢಿ. ಚಹಾ ಒಂದು ನೆಪ. ಓಡಿ ಕಾದ ಗುಬ್ಬ ತಣಿಯಬೇಕು. ಕಾದದ್ದು ಹಾಗೇ ತಣ್ಣೀರಿಗಿಳಿದರೆ ಒಳಗೆ ನೀರು ಎಳೆದುಕೊಳ್ಳುತ್ತದೆ. ಆ ದಿನ ಅವನು ನಿಂತಿರಲಿಲ್ಲ.

"ಹರಾಜಲ್ಲಿ ಟಗರಾದ್ರೂ ಸಿಕ್ತಾ? ಅದೂ ಇಲ್ಲ," ಎಂದಳು. ಅವನಿಗೆ ನಗು ಬಂತು. ಅವಳೂ ನಕ್ಕಳು.

ಆ ಸೀಮೆಯ ಎಲ್ಲ ಶೆಡ್ಡುಗಳಲ್ಲಿರುವಂತೆ ಅಲ್ಲೂ ಎಣ್ಣೆಕಾಗದ ಸುತ್ತಿದ ಹೊಸ ಬೇರಿಂಗುಗಳ ಒಂದು ಜೊತೆ ಇತ್ತು. ಹಳೆಯ ಬೇರಿಂಗಿನ ಉಕ್ಕಿನ ಬಳೆಗಳನ್ನು ತಟ್ಟಿ ಹೊರತೆಗೆದು, ಹೊಸವನ್ನು ಕೂರಿಸಿ, ಅಂಗೈಯಲ್ಲಿ ಗ್ರೀಸು ತುಂಬಿ ಮುಗಿಸುವ ಹೊತ್ತಿಗೆ ಬಿಸಿಲು ಶೆಡ್ಡಿನ ಹಿಂದಕ್ಕೆ ಸರಿದಿತ್ತು.

ಮತ್ತೆ ಅದೇ ಡಾಂಬರು. ಈ ಸಲ ಅವನು ಅವಳ ಕೈ ನೋಡಲಿಲ್ಲ. ಕಣ್ಣು ದಾರಿಯ ಮೇಲಿಟ್ಟೇ ಹೇಳಿದ:

"ಗ್ಲೆನ್, ನಂಗೆ ಕೇಳಿಸಲ್ಲ ಕಣೇ. ಮೊದಲೂ ಕೇಳಿಸಿರಲಿಲ್ಲ. ಟಯರು ಅಂದದ್ದು ಸುಮ್ಮನೆ. ನೀನೇ ಕೇಳಿ ಹೇಳು."

ಉತ್ತರ ಬಂದಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವಳು ಅವನ ತೋಳು ತಟ್ಟಿ, ತನ್ನ ಕಡೆ ನೋಡುವಂತೆ ಮಾಡಿ, "ಬಲಕ್ಕೆ ತಿರುಗಿಸು," ಎಂದಳು. ತಿರುಗಿಸಿದ. "ಇನ್ನೊಂದು ಸಲ. ಇನ್ನೂ ಜೋರಾಗಿ." ಅವನನ್ನು ಸಮಾಧಾನಪಡಿಸುವ ಆತುರ ಅವಳ ಮುಖದಲ್ಲಿ ಇರಲಿಲ್ಲ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಅವನು ಒಂದು ಕಾಲಕ್ಕೆ ಕೇಳುತ್ತಿದ್ದ ಹಾಗೆಯೇ ಕೇಳುತ್ತಿದ್ದಳು.

"ನಿಲ್ಲಿಸು," ಎಂದು ಕೈ ಎತ್ತಿದಳು.

ಇಳಿದು ಹಿಂದಕ್ಕೆ ಹೋಗಿ ಎಡಗಾಲಿಯ ಗುಬ್ಬದ ಮೇಲೆ ಕೈಯಿಟ್ಟಳು. ಬಲಗಡೆಗೂ ಹೋಗಿ ಮುಟ್ಟಿ ಬಂದಳು. ಅವನು ಕಾಯುತ್ತ ನಿಂತ. ತಾನು ಮಾಡಿದ ಕೆಲಸದ ಬಗ್ಗೆ ಇನ್ನೊಬ್ಬರ ತೀರ್ಪಿಗಾಗಿ ಅವನು ಕಾದದ್ದು ಅದೇ ಮೊದಲು. ಅಷ್ಟೇನೂ ಕಷ್ಟವಾಗಲಿಲ್ಲ.

ಅವಳು ಅವನ ಎದುರಿಗೆ ಬಂದು ನಿಂತು ಬಿಡಿಸಿ ಬಿಡಿಸಿ ಹೇಳಿದಳು: "ಎರಡೂ ಒಂದೇ ಥರ ಬೆಚ್ಚಗಿವೆ. ಸದ್ದು ಇಲ್ಲ. ಗುರುವಾರ ನಾನು ಹೊರಡ್ತೀನಿ."

"ಖಂಡಿತಾನಾ?"

"ನಂಗೆ ಕಿವಿ ಇದೆಯಪ್ಪ," ಎಂದು ಗ್ಲೆನಿಸ್ ಅವನ ಕೈಯಿಂದ ಕೀಲಿ ತೆಗೆದುಕೊಂಡು ಚಾಲಕನ ಸೀಟಿಗೆ ಹತ್ತಿದಳು.