ಕಿಂಗಾ ಓದಿದ ಸಾಲಪತ್ರ

ಹದಿನಾಲ್ಕು ವರ್ಷದ ಮದುವೆಯನ್ನು ವೂಚ್ ನಗರದ ಕೋರ್ಟು ಇಪ್ಪತ್ತು ನಿಮಿಷದಲ್ಲಿ ಮುರಿದುಕೊಟ್ಟಿತು. ಬ್ಯಾಂಕಿಗೆ ಮಾತ್ರ ನಾನು ಇನ್ನೂ ವೀಶೆಕ್‌ನ ಜೊತೆಗಾತಿಯೇ. ಫ್ಲಾಟು ಅಡವಿಟ್ಟು ತೆಗೆದ ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದೇವೆ. ಆ ಪತ್ರದಿಂದ ನನ್ನ ಹೆಸರು ಹೋಗುವವರೆಗೆ ಬೇರೆ ಯಾವ ಬ್ಯಾಂಕೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಕಂತೂ ಕಟ್ಟಿ ಬೇರೆ ಮನೆಯ ಬಾಡಿಗೆಯನ್ನೂ ಕೊಡಲು ಹೊಲಿಗೆ ಕಾರ್ಖಾನೆಯ ಸಂಬಳ ಸಾಲದು. ಹಾಗಾಗಿ ಬಿಟ್ಟ ಗಂಡನ ಜೊತೆ ಒಂದೇ ಸೂರಿನಡಿ ಇದ್ದೆ.

ಮಾರಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಮಾರಲಿ? 2008ರಲ್ಲಿ ಕೈಗೆ ಬಂದದ್ದು ನಮ್ಮ ದೇಶದ ದುಡ್ಡಿನಲ್ಲಿ, ಮೂರು ಲಕ್ಷ ಜ್ಲೋಟಿ. ಸಾಲ ಅಂತ ಬರೆಸಿಕೊಂಡದ್ದು ಸ್ವಿಸ್ ಫ್ರಾಂಕಿನ ಲೆಕ್ಕದಲ್ಲಿ. ಬಡ್ಡಿ ಕಡಿಮೆ ಅಂತ ಬೆಣ್ಣೆ ಹಚ್ಚಿದವರು ಬ್ಯಾಂಕಿನವರೇ. ಎರಡು ಜ್ಲೋಟಿ ಇದ್ದ ಫ್ರಾಂಕು ನಾಲ್ಕಾಯಿತು. ಏಳು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ ಮೇಲೆ ಬಾಕಿ ನಾಲ್ಕೂವರೆ ಲಕ್ಷ! ಫ್ಲಾಟಿಗೆ ಬರುವುದು ಎರಡೂವರೆ. ಇವರ ಮನೆ ಹಾಳಾಗ!

ಬ್ಯಾಂಕಿಗೆ ಹೋಗಿ ಮೇಜು ಗುದ್ದಿದೆ. "ನನ್ನ ಹೆಸರು ತೆಗೀರಿ!"

"ಹಲೀನಾ ಮೇಡಂ, ಡಿವೋರ್ಸು ನಿಮ್ಮನೆ ವಿಷ್ಯ," ಎಂದ ಅಧಿಕಾರಿ. "ನಿಮ್ಮ ಬದ್ಲು ಸಂಬಳ ಇರೋರು ಯಾರಾದ್ರೂ ಸಹಿ ಹಾಕ್ಲಿ, ಬಿಡ್ತೀವಿ."

"ಅದಕ್ಕೇನಂತೆ, ಕಿಂಗಾ ಹಾಕ್ತಾಳೆ," ಎಂದ ಪಕ್ಕದಲ್ಲಿದ್ದ ವೀಶೆಕ್.

ಕಿಂಗಾ ಅಂದರೆ ಅವನು ಯಾರಿಗಾಗಿ ನನ್ನನ್ನು ಬಿಟ್ಟನೋ ಅವಳು. ಔಷಧಿ ಅಂಗಡಿಯಲ್ಲಿ ಒಳ್ಳೆಯ ಸಂಬಳ. ಎರಡು ವರ್ಷ ಅವಳಿಗೆ ಹಿಡಿಶಾಪ ಹಾಕಿದ್ದ ನಾನೇ, ಶುಕ್ರವಾರ ಅವಳು ಬ್ಯಾಂಕಿಗೆ ಬಂದಾಗ ಕುರ್ಚಿ ಎಳೆದುಕೊಟ್ಟೆ. ನಾಚಿಕೆಗೇಡು, ನಿಜ. ನನಗೆ ಬಿಡುಗಡೆ ಬೇಕಿತ್ತು.

ನಾವು ಓದದೆ ಸಹಿ ಹಾಕಿದ್ದ ಹದಿನೆಂಟು ಪುಟಗಳನ್ನು ಅವಳು ಬೆರಳಿಟ್ಟು ಓದಿದಳು.

"ಫ್ರಾಂಕಿನ ರೇಟು ಯಾರು ಹೇಳೋದು?"

"ನಾವೇ," ಎಂದ ಅಧಿಕಾರಿ.

"ಮನೆ ನೀವು ಕಿತ್ಕೊಂಡ ಮೇಲೂ ಬಾಕಿ ಉಳಿದ್ರೆ?"

"ಸಹಿ ಹಾಕಿದೋರು ಕಟ್ಬೇಕು."

"ಇನ್ನೆಷ್ಟು ವರ್ಷ?"

"ಇಪ್ಪತ್ಮೂರು."

ಕಿಂಗಾ ಪೆನ್ನು ಮುಚ್ಚಿದಳು. "ವೀಶೆಕ್, ನಿನ್ ಜೊತೆ ಬಾಳ್ತೀನಿ ಅಂದಿದ್ದು ನಿಜ. ಈ ಬ್ಯಾಂಕಿನ ಜೊತೆ ಬಾಳ್ತೀನಿ ಅಂದಿರ್ಲಿಲ್ಲ." ಕೋಟು ಎತ್ತಿಕೊಂಡು ಹೊರಟೇಬಿಟ್ಟಳು.

ನನ್ನ ಮೈಯೆಲ್ಲ ಉರಿಯಿತು. ಗಂಡನನ್ನು ಒಯ್ಯುವಾಗ ಹಿಂದೆಮುಂದೆ ನೋಡದವಳು ಸಾಲವನ್ನು ಮಾತ್ರ ಮುಟ್ಟಲಿಲ್ಲ. ಆದರೆ ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅವಳು ಓದಿದಳು, ಅಷ್ಟೆ.

"ಅಯ್ಯೋ ಮಂಕೇ, ಆವತ್ತು ನಾವ್ಯಾಕೋ ಓದ್ಲಿಲ್ಲ?" ಎಂದು ವೀಶೆಕ್‌ನ ಮೇಲೆ ಹರಿಹಾಯ್ದೆ.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಒಂದು ದಾರಿ ಇದೆ. ಗಂಡ-ಹೆಂಡ್ತಿ ಆದ್ರೆ ಕಂತು ಇಳಿಸೋಕೆ ಅರ್ಜಿ ಹಾಕ್ಬಹುದು. ನೀವಿಬ್ರೂ ಇನ್ನೊಂದ್ಸಲ ಮದ್ವೆ..."

ಅವನ ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಲಿಲ್ಲ.

"ಎಷ್ಟು ಇಳಿಯುತ್ತೆ?" ಎಂದು ಕೇಳಿದೆ.