ಟೀ ತಡವಾದ ದಿನ

ನಗರಸಭೆಯ ಸಭಾಂಗಣಕ್ಕೂ ಪಕ್ಕದ ಅಡಿಗೆಕೋಣೆಗೂ ನಡುವೆ ಇರುವುದು ಒಂದೇ ಬಾಗಿಲು. ತಿಂಗಳ ಸಭೆಯ ದಿನ ಆ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು, ಟ್ರೇ ಹಿಡಿದು ಟೀಯಮ್ಮ ಒಳಗೆ ಬಂದಳೆಂದರೆ ಊರಿನ ಅರ್ಧ ಕೆಲಸ ಮುಗಿದ ಹಾಗೆ. ಅಲ್ಲಿಯವರೆಗೆ ಒಂದು ಬೀದಿದೀಪಕ್ಕಾಗಿ, ಒಂದು ಕಸದ ತೊಟ್ಟಿಗಾಗಿ ಕಿತ್ತಾಡುತ್ತಿದ್ದ ಸದಸ್ಯರು ಟೀಯ ಘಮ ಬಂದೊಡನೆ ತಣ್ಣಗಾಗುತ್ತಿದ್ದರು. ಯಾರಾದರೊಬ್ಬರು, "ಟೀ ಬಂತು, ಉಳಿದದ್ದೆಲ್ಲ ಒಪ್ಪಿಗೆ" ಎನ್ನುತ್ತಿದ್ದರು. ಎಲ್ಲರೂ ಮೇಜು ತಟ್ಟುತ್ತಿದ್ದರು. ಉಳಿದ ವಿಷಯಗಳು ಓದುವವರಿಲ್ಲದೆ, ಕೇಳುವವರಿಲ್ಲದೆ, ಗುಂಪಿನಲ್ಲಿ ಗೋವಿಂದ ಎಂಬಂತೆ ಪಾಸಾಗಿಬಿಡುತ್ತಿದ್ದವು.

ಇದನ್ನು ಅವಳು ಸಂಜೆ ಅಕ್ಕನಿಗೆ ಹೇಳಿ ನಗುತ್ತಿದ್ದಳು. "ನಾನು ಒಳಗೆ ಹೋಗದಿದ್ರೆ ಅಲ್ಲಿ ಒಂದು ಚರಂಡಿನೂ ಮುಂದಕ್ಕೆ ಹರಿಯಲ್ಲ ಕಣಕ್ಕ."

"ಹೂಂ, ನಿನ್ನ ಕೋಳಿ ಕೂಗಿದ್ರೇನೇ ಊರಿಗೆ ಬೆಳಗಾಗೋದು," ಎನ್ನುತ್ತಿದ್ದಳು ಅಕ್ಕ. "ಸುಮ್ನೆ ತಲೆ ಬಾಚು. ಸಿಕ್ಕು ಬಿಡಿಸೋವಾಗ ಬಾಯಿಗಿಂತ ಕೈ ಆಡಲಿ."

ಅಕ್ಕ ಟೈಲರ್ ಆಗಿದ್ದವಳು. ಜೀವಮಾನವಿಡೀ ಮೆಷಿನ್ನಿನ ಮೇಲೆ ಬಾಗಿ ಬಾಗಿ ಮೊದಲು ಬಲಭುಜ ಹಿಡಿದುಕೊಂಡಿತು, ಆಮೇಲೆ ಎಡದ್ದೂ ಅದರ ಜೊತೆ ಸೇರಿತು. ಈಗ ಅವಳ ಮೊಣಕೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಊಟ ಮಾಡುತ್ತಾಳೆ, ಗುಂಡಿ ಹಾಕಿಕೊಳ್ಳುತ್ತಾಳೆ, ತಲೆ ಬಾಚಿಕೊಳ್ಳಲು ಮಾತ್ರ ಆಗುವುದಿಲ್ಲ. ಕೂದಲೋ, ಈ ವಯಸ್ಸಿನಲ್ಲೂ ಸೊಂಟದವರೆಗೆ. ಬೆಳ್ಳಗಾದದ್ದಕ್ಕಿಂತ ಕಪ್ಪಗೆ ಉಳಿದದ್ದೇ ಹೆಚ್ಚು. ಅಕ್ಕನಿಗೆ ಜೀವನದಲ್ಲಿ ಜಂಬವೆಂದು ಏನಾದರೂ ಇದ್ದರೆ ಆ ಜಡೆಯೊಂದೇ. ದಿನಾ ಸಂಜೆ ಕೆಲಸ ಮುಗಿಸಿ, ಚೀಲದಲ್ಲಿ ಬಾಚಣಿಗೆ ಹಾಕಿಕೊಂಡು, ಟೀಯಮ್ಮ ಕಾಲುವೆ ದಾಟಿ ಹೋಗಿ ಅದನ್ನು ಹೆಣೆದು ಬರುತ್ತಿದ್ದಳು. ಅಕ್ಕನನ್ನು ತನ್ನಲ್ಲಿಗೇ ಕರೆದುಕೊಳ್ಳೋಣವೆಂದರೆ ಇವಳ ಮನೆ ಮೂರನೇ ಮಹಡಿಯಲ್ಲಿ. ಅಕ್ಕನ ಮಂಡಿ ಒಂದು ಮೆಟ್ಟಿಲಿಗೂ ಒಪ್ಪುತ್ತಿರಲಿಲ್ಲ.

ಕಾಲುವೆಗೆ ಒಂದು ಹಲಗೆ ಸೇತುವೆ ಇತ್ತು. ಎರಡು ಕಬ್ಬಿಣದ ತೊಲೆ, ಮೇಲೆ ಮರದ ಹಲಗೆಗಳು, ಒಂದು ಪಕ್ಕಕ್ಕೆ ಮಾತ್ರ ಹಿಡಿದುಕೊಳ್ಳಲು ಪೈಪು. ಎರಡು ವಾರ್ಡುಗಳ ಗಡಿ ಕಾಲುವೆಯ ಮಧ್ಯದಲ್ಲೇ ಹಾದುಹೋಗಿದ್ದರಿಂದ ಸೇತುವೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಲಗೆ ಮುರಿದರೆ ಈಚೆಯವರು ಆಚೆಯವರದು ಅನ್ನುತ್ತಿದ್ದರು, ಆಚೆಯವರು ಈಚೆಯವರದು ಅನ್ನುತ್ತಿದ್ದರು. ಕೊನೆಗೆ ಯಾರೋ ಪುಣ್ಯಾತ್ಮರು ಮನೆಯಿಂದಲೇ ಮೊಳೆ ತಂದು ಹೊಡೆಯುತ್ತಿದ್ದರು.

ಆ ಸೇತುವೆಯನ್ನು ಮುಚ್ಚುವ ವಿಷಯ ಈ ತಿಂಗಳ ಸಭೆಗೆ ಬರುತ್ತದೆ ಎಂದು ಹೇಳಿದವನು ಕಚೇರಿಯ ಜವಾನ. ಟೀಯಮ್ಮ ಅಂದು ಸಂಜೆಯೇ ತನ್ನ ವಾರ್ಡಿನ ಸದಸ್ಯನ ಸೈಕಲ್ ಅಂಗಡಿಗೆ ಹೋದಳು. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದವನು ಎದ್ದು, ಒದ್ದೆ ಕೈಯಲ್ಲೇ ಅವಳಿಗೆ ಸ್ಟೂಲು ಎಳೆದುಕೊಟ್ಟ.

"ಅಕ್ಕಾ, ನಾನಿದ್ದೀನಲ್ಲ. ವಿಷಯ ಬರಲಿ, ಎದ್ದು ನಿಂತು ಮಾತಾಡ್ತೀನಿ." ಆಮೇಲೆ ನಕ್ಕ. "ಆದ್ರೆ ಅದು ಕಟ್ಟಕಡೇಲಿದೆ. ಅಷ್ಟರಲ್ಲಿ ನಿಮ್ಮ ಟೀ ಬಂದುಬಿಟ್ರೆ ನನ್ನ ಮಾತು ಯಾರು ಕೇಳ್ತಾರೆ?"

ಅವನು ತಮಾಷೆಗೆ ಅಂದದ್ದು. ಟೀಯಮ್ಮ ಮಾತ್ರ ನಗಲಿಲ್ಲ.

ಸಭೆಯ ದಿನ ಮಾರುಕಟ್ಟೆಯ ಗಡಿಯಾರದ ಗೋಪುರ ಬೆಳಗನ್ನೆಲ್ಲ ತಿಂದುಹಾಕಿತು. ಗಡಿಯಾರಕ್ಕೆ ನಾಲ್ಕು ಮುಖ, ನಾಲ್ಕಕ್ಕೂ ನಾಲ್ಕು ಹೊತ್ತು. ರಿಪೇರಿ ಮಾಡಿಸಬೇಕು ಎಂದು ಕೆಲವರು, ಕಿತ್ತುಹಾಕಬೇಕು ಎಂದು ಕೆಲವರು. "ನಮ್ಮ ಬೀದಿ ಕಡೆ ಮುಖ ಸರಿಯಾಗೇ ಇದೆ, ಉಳಿದ ಮೂರು ನೋಡ್ಕೊಳ್ಳಿ" ಎಂದು ಒಬ್ಬರು. ಅಡಿಗೆಕೋಣೆಯಲ್ಲಿ ಟೀಯಮ್ಮ ಗ್ಲಾಸುಗಳನ್ನು ತೊಳೆದಳು. ತೊಳೆದವನ್ನೇ ಮತ್ತೆ ತೊಳೆದಳು.

ಜವಾನ ಬಾಗಿಲಲ್ಲಿ ಇಣುಕಿದ. "ಟೀ ಕೇಳ್ತಿದ್ದಾರೆ."

"ಹಾಲು ಇನ್ನೂ ಕಾದಿಲ್ಲ."

ಅವನು ಒಲೆಯ ಕಡೆ ನೋಡಿದ. ಒಲೆ ಹಚ್ಚಿಯೇ ಇರಲಿಲ್ಲ. ಹಾಲಿನ ಪಾತ್ರೆಯ ಮೇಲೆ ಮುಚ್ಚಿದ ತಟ್ಟೆ ಮುಚ್ಚಿದ ಹಾಗೇ ಇತ್ತು. ಅವಳ ಮುಖ ನೋಡಿದ. ಬಾಗಿಲೆಳೆದುಕೊಂಡು ಹಿಂತಿರುಗಿದ. ಒಳಗೆ ಅವನು ಅಧ್ಯಕ್ಷೆಗೆ ಹೇಳಿದ್ದು ಕೇಳಿಸಿತು: "ಹಾಲು ಒಡೆದುಹೋಯ್ತಂತಮ್ಮ. ಬೇರೆ ತರಿಸ್ತಿದ್ದೀವಿ." ರಜೆ ಬೇಕಾದಾಗಲೂ ನೆಂಟರಿಗೆ ಕಾಯಿಲೆಯೆಂದು ಒಂದು ಸುಳ್ಳು ಹೇಳದ ಮನುಷ್ಯ ಅವನು.

ಟೀ ಇಲ್ಲದ ಸಭೆ ಗೊಣಗುತ್ತ, ಆಕಳಿಸುತ್ತ ಒಂದೊಂದೇ ವಿಷಯವನ್ನು ದಾಟಿ ಕೊನೆಗೂ ಹಲಗೆ ಸೇತುವೆಗೆ ಬಂತು. ಟೀಯಮ್ಮ ಬಾಗಿಲ ಸಂದಿಗೆ ಕಿವಿಯಿಟ್ಟು ನಿಂತಳು. ಎಂಜಿನಿಯರು ಓದಿದರು: ತೊಲೆಗಳು ತುಕ್ಕು ಹಿಡಿದಿವೆ, ಎರಡೂ ತುದಿಗೆ ಅಡ್ಡಕಂಬ ಹಾಕಿ ಮುಚ್ಚಬೇಕು. ಅಷ್ಟೇ. ಅಡ್ಡಕಂಬವೆಂದರೆ ಏನೆಂದು ಊರಿಗೆಲ್ಲ ಗೊತ್ತು. ಪಾರ್ಕಿನ ಹಿಂಬಾಗಿಲಿಗೂ ಅದನ್ನು ಹಾಕಿದ್ದರು. ಜನ ಬಗ್ಗಿಕೊಂಡು ಹೋಗುತ್ತಿದ್ದರು.

ಸೈಕಲ್ ಅಂಗಡಿಯ ಸದಸ್ಯ ಕೊಟ್ಟ ಮಾತಿನಂತೆ ಎದ್ದು ನಿಂತ. "ಅಧ್ಯಕ್ಷರೇ, ಬಡವರ ದಾರಿ ಅದು. ಮುಚ್ಚಿದ್ರೂ ಜನ ದಾಟೇ ದಾಟ್ತಾರೆ. ಬೇರೆಯವರ ಮಾತು ಯಾಕೆ, ನಮ್ಮ ಟೀಯಮ್ಮಾನೇ ದಿನಾ ಸಂಜೆ ಅದರ ಮೇಲೆ ಹೋಗಿಬರ್ತಾರೆ. ಆಚೆ ಅವರ ಅಕ್ಕ ಇದ್ದಾರೆ."

"ನಮ್ಮ ಟೀಯಮ್ಮಾನಾ?" ಅಧ್ಯಕ್ಷೆಯ ದನಿ ಮೆತ್ತಗಾಯಿತು. ಆಕೆ ಒಳ್ಳೆಯ ಹೆಂಗಸು. ಟೀಯಮ್ಮನಿಗೆ ಜ್ವರ ಬಂದಾಗ ತಾವೇ ಮನೆಗೆ ಬಂದು ಮಾತ್ರೆ ಕೊಟ್ಟು ಹೋದವರು. "ಎಂಜಿನಿಯರೇ, ಆ ತೊಲೆ ನಿಜವಾಗ್ಲೂ ಅಷ್ಟು ಕೆಟ್ಟಿದೆಯಾ?"

"ಕೆಳಗಡೆ ಬೆರಳಲ್ಲಿ ಒತ್ತಿದ್ರೆ ಪುಡಿಪುಡಿಯಾಗಿ ಉದುರುತ್ತೆ. ಯಾವತ್ತು ಬೀಳುತ್ತೋ ಹೇಳೋಕಾಗಲ್ಲ."

ಆಚೆ ದಡದ ವಾರ್ಡಿನ ಸದಸ್ಯೆ, ಹಿಂದೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಕನ್ನಡಕ ತೆಗೆದರು. "ಹಾಗಾದ್ರೆ ಅಡ್ಡಕಂಬ ಹಾಕಿ ಏನು ಬಂತು? ಬಗ್ಗಿ ಹೋಗ್ತಾರೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದ್ರೆ ಮತ್ತೆ ಏಳಲ್ಲ, ನಾನು ಎಷ್ಟು ಜನರನ್ನ ನೋಡಿಲ್ಲ. ಹಲಗೆಯನ್ನೇ ತೆಗೆಸಿಬಿಡಿ."

"ಹೊಸದು ಕಟ್ಟಿಸೋಣ ಅಂದ್ರೆ..." ಎಂದ ಸೈಕಲ್ ಅಂಗಡಿಯವನು.

"ಮುಂದಿನ ಬಜೆಟ್ಟಿನಲ್ಲಿ ನೋಡೋಣ," ಎಂದರು ಅಧ್ಯಕ್ಷೆ. "ಮೊದಲು ಅವರನ್ನೊಂದು ಮಾತು ಕೇಳೋಣ. ಟೀಯಮ್ಮನ್ನ ಕರೀರಿ."

ಜವಾನ ಬಾಗಿಲು ತೆರೆದ. ಸಭೆ ನಡೆಯುವಾಗ ಟ್ರೇ ಇಲ್ಲದೆ ಅವಳು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಗ್ಲಾಸು ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಳು. ಇಷ್ಟು ವರ್ಷ ಗ್ಲಾಸುಗಳ ಮೇಲಿಂದ ಕಂಡ ಮುಖಗಳೆಲ್ಲ ಈಗ ಅವಳತ್ತಲೇ ತಿರುಗಿದ್ದವು. ಯಾವ ಮುಖದಲ್ಲೂ ಕೇಡಿರಲಿಲ್ಲ.

"ಟೀಯಮ್ಮ, ನಿಮಗೇನಾದ್ರೂ ಆದ್ರೆ ನಾವು ಹೇಗೆ ತಡ್ಕೊಳ್ಳೋದು? ನಿಮ್ಮ ಜೀವಕ್ಕಿಂತ ಹಲಗೆ ದೊಡ್ಡದಾ? ನೀವೇ ಹೇಳಿ."

ಹೇಳುವುದು ಬೇಕಾದಷ್ಟಿತ್ತು. ದೊಡ್ಡ ರಸ್ತೆಯ ಸೇತುವೆ ಸುತ್ತಿ ಹೋದರೆ ಮುಕ್ಕಾಲು ಗಂಟೆ, ಬರುವುದಕ್ಕೆ ಮತ್ತೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಕತ್ತಲು, ಮನೆಯಲ್ಲಿ ಅಡಿಗೆಗೆ ಕಾಯುವವರು. ಅಕ್ಕನ ಭುಜ. ಅಕ್ಕನ ಕೂದಲು. ಆದರೆ ಅಷ್ಟು ಜನರ ಎದುರು ಅದು ನಾಲಿಗೆಯವರೆಗೆ ಬರುವಷ್ಟರಲ್ಲಿ ಕಿರಿದಾಗಿ ಹೋಯಿತು. ಒಂದು ಜಡೆಗಾಗಿ ಒಂದು ಸೇತುವೆಯನ್ನು ಕೇಳುವುದು ಹೇಗೆ?

"ಹಾಲು ಬಂತಮ್ಮ," ಎಂದಳು. "ಈಗ ಟೀ ತರ್ತೀನಿ."

"ಸದ್ಯ," ಎಂದರು ಹಿಂದಿನ ಸಾಲಿನಿಂದ ಯಾರೋ. "ಟೀ ಬಂತು, ಒಪ್ಪಿಗೆ."

ಮೇಜುಗಳ ಸದ್ದು ಅವಳ ಬೆನ್ನ ಹಿಂದೆ ಅಡಿಗೆಕೋಣೆಯವರೆಗೂ ಬಂತು.

ಸಭೆ ಮುಗಿದ ಮೇಲೆ ಸೈಕಲ್ ಅಂಗಡಿಯವನು ತನ್ನ ಗ್ಲಾಸನ್ನು ತಾನೇ ತೊಳೆದುಕೊಂಡು ತಂದ. "ಅಕ್ಕಾ, ನಾನು ನಿಮ್ಮ ಪರವಾಗೇ..."

"ಗೊತ್ತಪ್ಪ. ಅಲ್ಲಿ ಬೋರಲು ಹಾಕು, ನೀರಿಳಿಯಲಿ."

ಹಲಗೆ ಬಿಚ್ಚಲು ಬಂದ ಕೆಲಸದವರು ಆಚೆ ತುದಿಯಿಂದ ಮಧ್ಯಾಹ್ನವೇ ಶುರುಮಾಡಬಹುದಿತ್ತು. ಜವಾನ ಏನು ಹೇಳಿದ್ದನೋ, ಅವಳು ಬರುವವರೆಗೂ ಬೀಡಿ ಸೇದುತ್ತ ದಂಡೆಯ ಮೇಲೆ ಕೂತಿದ್ದರು. "ಒಂದ್ಸಲ ಹೋಗಿಬಂದುಬಿಡಿ ಅಮ್ಮ. ಆಮೇಲೆ ನಮ್ಮ ಕೆಲಸ," ಎಂದ ಹಿರಿಯವನು.

ಅಂದು ಅವಳು ಅಕ್ಕನ ಜಡೆಯನ್ನು ಎಳೆದೆಳೆದು ಹೆಣೆದಳು.

"ಏನೇ ಇದು, ಹಗ್ಗ ಹೊಸೀತಿದ್ದೀಯಾ? ಹುಬ್ಬು ನೆತ್ತಿಗೆ ಹೋಯ್ತು."

"ಸ್ವಲ್ಪ ದಿನ ಗಟ್ಟಿ ಇರಲಿ ಅಂತ."

ಆಮೇಲೆ ಅಕ್ಕ ಸಂಜೆಯಾದರೆ ಕುರ್ಚಿ ಎಳೆಸಿಕೊಂಡು ಆಚೆ ದಂಡೆಯಲ್ಲಿ ಕೂರುತ್ತಿದ್ದಳು, ಟೀಯಮ್ಮ ಈಚೆ ನಿಲ್ಲುತ್ತಿದ್ದಳು. ಕೂಗಿದರೆ ಕೇಳುವಷ್ಟು ದೂರ. ಜಡೆ ದಿನದಿಂದ ದಿನಕ್ಕೆ ಸಡಿಲವಾಗುವುದು ಇಲ್ಲಿಂದಲೇ ಕಾಣುತ್ತಿತ್ತು. ಭಾನುವಾರ ಅವಳು ದೊಡ್ಡ ರಸ್ತೆ ಸುತ್ತಿ ಹೋದಳು. ವಾರದ ಸಿಕ್ಕು ಬಿಡಿಸುವಷ್ಟರಲ್ಲಿ ಹೊತ್ತು ಮುಳುಗಿತು. ತಂಗಿ ಹೊರಡುವಾಗ ಅಕ್ಕ ಅವಳ ಪಾದಗಳನ್ನೇ ನೋಡುತ್ತಿದ್ದಳು. ಚಪ್ಪಲಿಯ ಪಟ್ಟಿ ಬಾವಿನೊಳಗೆ ಹೂತಿತ್ತು.

ಮುಂದಿನ ಭಾನುವಾರಕ್ಕೆ ಮುಂಚೆಯೇ ಒಂದು ಸಂಜೆ, ಆಚೆ ದಂಡೆಯ ಕುರ್ಚಿಯಲ್ಲಿ ಯಾರೋ ಬೇರೆಯವರು ಕೂತಂತೆ ಕಂಡಿತು. ಟೀಯಮ್ಮ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. ಅಕ್ಕನೇ. ಕೂದಲನ್ನು ಕಿವಿಯ ಮೇಲಕ್ಕೆ, ಕತ್ತಿನ ಹಿಂದೆ ಬೋಳಾಗುವಂತೆ ಕತ್ತರಿಸಿದ್ದರು. ಮುಖ ಇಷ್ಟೇ ಇಷ್ಟಾಗಿತ್ತು.

"ಎದುರಂಗಡಿ ಕ್ಷೌರದವನು ಮನೆಗೇ ಬಂದು ಕತ್ತರಿಸಿಕೊಟ್ಟ," ಎಂದು ಅಕ್ಕ ಕೂಗಿದಳು. "ತಲೆ ಹಗುರಾಯ್ತು ಕಣೇ. ಇನ್ನು ನೀನು ಅಷ್ಟು ದೂರ ಸುತ್ತಿ ಬರೋದು ಬೇಡ."

ಚೀಲದೊಳಗೆ ಟೀಯಮ್ಮನ ಕೈ ಬಾಚಣಿಗೆಯ ಮೇಲಿತ್ತು.

"ಹೇಗೆ ಕಾಣ್ತೀನಿ, ಹೇಳೇ."

ಚೆನ್ನಾಗಿದೆ ಎಂದಳು. ಆದರೆ ದನಿ ನೀರಿನ ಸದ್ದನ್ನು ದಾಟಲಿಲ್ಲ.

"ಏನಂದೆ?"

ಟೀಯಮ್ಮ ಆಚೆ ದಡಕ್ಕೆ ಕಾಣುವಂತೆ, ಚೆನ್ನಾಗಿದೆಯೆಂದು ಜೋರಾಗಿ ತಲೆಯಾಡಿಸಿದಳು.